ಶಿರಸಿಯಲ್ಲಿ ಕೆತ್ತಿದ ಸೊಲೊಮೋನನ ಹಡಗು

ಕೆತ್ತನೆ ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಸೇರಿದ ದಿನ ನಿಮ್ಮ ಕೈಗೆ ಕೊಡುವ ಆದೇಶದಲ್ಲಿ ‘ಬೋಧಕ’ ಎಂದು ಬರೆದಿರುತ್ತದೆ. ಅದನ್ನು ಪೂರ್ತಿ ನಂಬಬೇಡಿ. ನಾನು ನಂಬಿದ್ದೆ. ಶಿರಸಿಯ ತರಬೇತಿ ಕೇಂದ್ರಕ್ಕೆ ಬಂದಾಗ ನನ್ನ ಹತ್ತಿರ ಚಿತ್ರಕಲೆಯ ಡಿಪ್ಲೊಮಾ ಇತ್ತು, ಇಸ್ತ್ರಿ ಮಾಡಿದ ಅಂಗಿಯಿತ್ತು, ಉಳಿ ಹಿಡಿದ ಅಭ್ಯಾಸ ಮಾತ್ರ ಇರಲಿಲ್ಲ. ಕಲಿಯಲು ಬಂದವರಲ್ಲಿ ಅರ್ಧಕ್ಕರ್ಧ ತಲೆತಲಾಂತರದಿಂದ ಕೆತ್ತನೆಯನ್ನೇ ನಂಬಿದ ಗುಡಿಗಾರರ ಮನೆಯವರು. ಅವರು ತೊಟ್ಟಿಲಲ್ಲಿದ್ದಾಗಲೇ ಉಳಿಯ ಸದ್ದು ಕೇಳುತ್ತ ನಿದ್ದೆ ಮಾಡಿದವರು. ಅಂಥವರಿಗೆ ನಾನು ಕಪ್ಪುಹಲಗೆಯ ಮೇಲೆ ಕಂಪಾಸು ಊರಿ ತಾವರೆ ಬಿಡಿಸುವುದನ್ನು ತೋರಿಸಿದೆ.

ಹಿಂದಿನ ಸಾಲಿನಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದ ಒಬ್ಬರು ಅದನ್ನು ಬಹಳ ಹೊತ್ತು ನೋಡಿ, “ತಮಾ, ಈ ತಾವರೆ ಯಾವ ಕೆರೇದು?” ಎಂದು ಕೇಳಿದರು. ಕೋಣೆಯೆಲ್ಲ ನಕ್ಕಿತು. ಅವರೇ ಪರಶುರಾಮಣ್ಣ. ಕೇಂದ್ರದ ಹಿರಿಯ ಕುಶಲಕರ್ಮಿ, ಕಾಗದದ ಮೇಲೆ ನನ್ನ ಕೈಕೆಳಗಿನವರು. ಮರುದಿನದಿಂದ ನಾನು ಬೆಳಿಗ್ಗೆ ಒಂದು ತಾಸು ಮೊದಲೇ ಬಂದು ಅವರ ಪಕ್ಕದಲ್ಲಿ ಕೂತು ಕಲಿತೆ. ಈ ಗುಟ್ಟನ್ನು ಅವರು ಕೊನೆಯವರೆಗೂ ಯಾರಿಗೂ ಹೇಳಲಿಲ್ಲ. ನಾನೇ ಈಗ ಹೇಳುತ್ತಿದ್ದೇನೆ.

ಪರಶುರಾಮಣ್ಣ ಹರೆಯದಲ್ಲಿ ಆನೆದಂತದ ಕೆಲಸ ಮಾಡಿದವರು. ದಂತದ ವ್ಯಾಪಾರ ನಿಂತ ಮೇಲೆ ಕೂದಲೆಳೆಯಷ್ಟು ಸಣ್ಣ ಮೊನೆಯ ಆ ಉಳಿಗಳನ್ನೆಲ್ಲ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಬೇಜಾರಾಗಲಿಲ್ಲವೇ ಎಂದು ಕೇಳಿದ್ದಕ್ಕೆ, ಆನೆಯ ಹಲ್ಲು ಆನೆಯ ಬಾಯಲ್ಲೇ ಚೆಂದ ಎಂದರು. ಆಮೇಲೆ ಶ್ರೀಗಂಧವೂ ಸಿಗುವುದು ಕಡಿಮೆಯಾಯಿತು. ಗಂಧದ ಕೊರಡು ಬರುವ ದಿನ ಹಬ್ಬದ ಹಾಗೆ ಕಾದವರು ಶಿವನಿ ಮರಕ್ಕೆ ಕೈ ಒಗ್ಗಿಸಿಕೊಂಡೆವು. ಶಿವನಿಗೆ ಪರಿಮಳವಿಲ್ಲ, ಆದರೆ ಒಳ್ಳೆಯ ಮನಸ್ಸಿದೆ. ಉಳಿ ಎಲ್ಲಿಗೆ ಹೋಗೆಂದರೆ ಅಲ್ಲಿಗೆ ಬಿಡುತ್ತದೆ.

ಆ ಹೊತ್ತಿಗೆ ಹಾವೇರಿ ಕಡೆಯ ಸಾಹೇಬರೊಬ್ಬರು ನಮ್ಮ ಮೇಲಧಿಕಾರಿಯಾಗಿ ಬಂದರು. ಶಿಸ್ತಿನ ಮನುಷ್ಯ, ದನಿ ದೊಡ್ಡದು, ಒಳಗೆ ಬೆಣ್ಣೆ. ಅದುವರೆಗೆ ಪರಶುರಾಮಣ್ಣ ಇದ್ದಿಲು ಹಿಡಿದು ನೇರವಾಗಿ ಹಲಗೆಯ ಮೇಲೇ ಗೆರೆ ಎಳೆಯುತ್ತಿದ್ದರು. ಸಾಹೇಬರಿಗೆ ಅದು ಸರಿಬರಲಿಲ್ಲ. “ಗೆರಿ ಕಾಗದದ ಮ್ಯಾಲ ಇರಬೇಕ್ರಿ ಮಾಸ್ತರ, ತಲಿಯೊಳಗ ಇದ್ರ ನಾ ಎಲ್ಲಿ ಸಹಿ ಮಾಡ್ಲಿ?” ಎಂದು ನನ್ನನ್ನು ಕೇಳಿದರು. ಅಂದಿನಿಂದ ಪ್ರತಿ ಕೆಲಸಕ್ಕೂ ನಾನು ನಕ್ಷೆ ಬರೆಯಬೇಕು, ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಬೇಕು, ಸಾಹೇಬರು ಸಹಿ ಹಾಕಬೇಕು, ಪರಶುರಾಮಣ್ಣ ಅದರಂತೆ ಕೆತ್ತಬೇಕು.

ಈ ಹೊಸ ಪದ್ಧತಿಯ ಮೊದಲ ಫಲ ಸಿದ್ದಾಪುರದ ಶಾಲೆಯೊಂದಕ್ಕೆ ಹೋದ ಸರಸ್ವತಿ. ನಕ್ಷೆಯನ್ನು ಹಲಗೆಗೆ ಇಳಿಸುವಾಗ ನಾನು ಪಾರದರ್ಶಕ ಕಾಗದವನ್ನು ಮಗುಚಿ ಹಾಕಿದ್ದೆ. ದೇವಿ ಎಡಗೈಯಲ್ಲಿ ವೀಣೆ ಮೀಟುತ್ತ ಸಿದ್ದಾಪುರದ ಬಸ್ಸು ಹತ್ತಿದಳು. ಪರಶುರಾಮಣ್ಣನಿಗೆ ಅದು ಮೊದಲ ದಿನವೇ ಗೊತ್ತಿತ್ತಂತೆ. ಯಾಕೆ ಹೇಳಲಿಲ್ಲ ಎಂದರೆ, ಸಹಿ ಆಗಿತ್ತಲ್ಲ ಎಂದರು. ಶಾಲೆಯ ಹೆಡ್ ಮಾಸ್ತರ್ರು ದೊಡ್ಡ ಮನುಷ್ಯರು. “ಅಡ್ಡಿಲ್ಲೆ ಬಿಡಿ. ಎಡಗೈ ಮಕ್ಕಳಿಗೂ ಒಬ್ಬಳು ಸರಸ್ವತಿ ಬೇಕಲ,” ಎಂದು ನಕ್ಕು, ನಾಚಿಕೆಯಲ್ಲಿ ಕರಗುತ್ತಿದ್ದ ನನಗೆ ಚಹಾ ಕುಡಿಸಿ ಕಳಿಸಿದರು.

ಆ ದಿನ ನಾನು ಒಂದು ಪಾಠ ಕಲಿತೆ, ಅದೂ ಅರ್ಧ ಮಾತ್ರ. ಕಾಗದದಲ್ಲಿ ಇದ್ದದ್ದನ್ನು ಪರಶುರಾಮಣ್ಣ ಕಾಗದದಲ್ಲಿದ್ದ ಹಾಗೆಯೇ ಮಾಡುತ್ತಾರೆ ಎಂಬುದು ಗೊತ್ತಾಯಿತು. ಕಾಗದದಲ್ಲಿ ಇಲ್ಲದ್ದನ್ನು ಅಜ್ಜ ಮುತ್ತಜ್ಜ ಮಾಡಿದ ಹಾಗೆ ಮಾಡುತ್ತಾರೆ ಎಂಬುದು ಗೊತ್ತಾಗಲು ಯಲ್ಲಾಪುರದ ಗ್ರೇಸಿ ಟೀಚರ್ ಬರಬೇಕಾಯಿತು.

ಗ್ರೇಸಿ ಟೀಚರ್ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲ ಮುಗಿದ ಮೇಲೆ ಕೊಡೆಯನ್ನೇ ಊರುಗೋಲು ಮಾಡಿಕೊಂಡು ನಮ್ಮ ಕೇಂದ್ರಕ್ಕೆ ಬಂದರು. ಯಲ್ಲಾಪುರದ ತಮ್ಮ ಪುಟ್ಟ ಚರ್ಚಿನ ಬಾಗಿಲ ಮೇಲೆ ಕೂರಿಸಲು ಒಂದು ಕೆತ್ತನೆಯ ಹಲಗೆ ಬೇಕೆಂದರು. ಅವರ ಯಜಮಾನರು ಸರಕು ಹಡಗಿನಲ್ಲಿ ಅಡುಗೆಯವರು. ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದವರು ಒಂದು ವರ್ಷ ಬರಲಿಲ್ಲ. ಎಲ್ಲೋ ದೂರದ ಬಂದರಿನಲ್ಲಿ ಜ್ವರ ಬಂದು ತೀರಿಕೊಂಡರು, ಅಲ್ಲೇ ಮಣ್ಣು ಮಾಡಿದರು. ಇಲ್ಲಿ ಹೂವಿಡಲು ಒಂದು ಗೋರಿಯೂ ಇಲ್ಲ. ಕ್ರಿಸ್‌ಮಸ್‌ಗೆ ಮೊದಲಿನ ಭಾನುವಾರ ಅವರ ನೆನಪಿಗೆ ಆ ಹಲಗೆ ಏರಬೇಕು. ಚರ್ಚಿನ ಹಿರಿಯರು ಒಪ್ಪಿದ್ದಾರೆ, ಆದರೆ ಯಾವುದೋ ಹಡಗಾಗದು, ತಮ್ಮ ಧರ್ಮಗ್ರಂಥದ ಕಥೆಯದ್ದೇ ಆಗಬೇಕೆಂದು ಹೇಳಿದ್ದಾರೆ. ಹಾಗಾಗಿ ಸೊಲೊಮೋನ್ ರಾಜನ ಹಡಗು.

ನಮ್ಮಲ್ಲಿ ಯಾರಿಗೂ ಸೊಲೊಮೋನ್ ಯಾರೆಂದು ಗೊತ್ತಿರಲಿಲ್ಲ. ಟೀಚರಿಗೆ ಅಷ್ಟೇ ಸಾಕಾಯಿತು. ಸ್ಟೂಲಿನ ಮೇಲೆ ಕೂತು ಪಾಠ ಶುರು ಮಾಡಿಯೇಬಿಟ್ಟರು. ಉಳಿಗಳೆಲ್ಲ ನಿಂತವು. ಹಿಂದೆ ಇಸ್ರಾಯೇಲ್ ಎಂಬ ಸಣ್ಣ ನಾಡಿಗೆ ಹರೆಯದ ಒಬ್ಬ ರಾಜನಾದ. ಏನು ಬೇಕು ಕೇಳು ಎಂದು ದೇವರು ಕನಸಿನಲ್ಲಿ ಬಂದು ಕೇಳಿದಾಗ ಅವನು ಸಂಪತ್ತು ಕೇಳಲಿಲ್ಲ, ಆಯುಸ್ಸು ಕೇಳಲಿಲ್ಲ, ಜನರಿಗೆ ನ್ಯಾಯ ಹೇಳುವ ವಿವೇಕ ಕೇಳಿದ. ದೇವರು ಮೆಚ್ಚಿ ಕೇಳದೆ ಇದ್ದ ಸಂಪತ್ತನ್ನೂ ಕೊಟ್ಟ. ಅವನ ಜನ ಕುರಿ ಕಾಯುವವರು, ಹೊಲ ಉಳುವವರು, ಅವರಿಗೆ ಸಮುದ್ರ ಗೊತ್ತಿಲ್ಲ. ಪಕ್ಕದ ತೂರ್ ಪಟ್ಟಣದ ರಾಜ ಹೀರಾಮ ಸ್ನೇಹಕ್ಕೆ ಕಟ್ಟುಬಿದ್ದು ನಾವಿಕರನ್ನು ಕಳಿಸಿಕೊಟ್ಟ. ಕೆಂಪು ಸಮುದ್ರದಿಂದ ಹೊರಟ ಹಡಗುಗಳು ಓಫೀರ್ ಎಂಬಲ್ಲಿಂದ ಚಿನ್ನ ತಂದವು. ಮೂರು ವರ್ಷಕ್ಕೊಮ್ಮೆ ಬಂದ ಹಡಗುಗಳಲ್ಲಿ ಬೆಳ್ಳಿ, ಆನೆದಂತ, ಮಂಗ, ನವಿಲು ಇರುತ್ತಿದ್ದವು. ಒಂದು ಜಾತಿಯ ಅಪರೂಪದ ಮರವೂ ಬರುತ್ತಿತ್ತು. ಅದು ನಮ್ಮ ಕಡೆಯ ಗಂಧವೇ ಇರಬಹುದೆಂದು ಕೆಲವರು ಊಹಿಸುತ್ತಾರೆ, ಆದರೆ ಅದು ಊಹೆ ಮಾತ್ರ ಎಂದು ಟೀಚರ್ ಬೆರಳೆತ್ತಿ ಎಚ್ಚರಿಸಿದರು.

ಗಂಧ, ದಂತ ಎಂದದ್ದೇ ತಡ, ನಮ್ಮವರಿಗೆ ಸೊಲೊಮೋನ್ ನೆಂಟನಾಗಿಬಿಟ್ಟ. ಆಮೇಲೆ ಟೀಚರ್ ಇನ್ನೊಂದು ಕಥೆ ಹೇಳಿದರು. ಎಷ್ಟೋ ಕಾಲದ ನಂತರ ಅದೇ ನಾಡಿನ ಒಂದು ಭಾಗದಲ್ಲಿ ಆಳಿದ ಇನ್ನೊಬ್ಬ ರಾಜ ಅದೇ ಚಿನ್ನಕ್ಕಾಗಿ ಹಡಗು ಕಟ್ಟಿಸಿದ. ಅವು ಬಂದರಿನಲ್ಲೇ ಒಡೆದುಹೋದವು, ಒಂದು ದಿನವೂ ಸಮುದ್ರಕ್ಕೆ ಇಳಿಯಲಿಲ್ಲ. ಪರಶುರಾಮಣ್ಣ ಕಸಿವಿಸಿಯಿಂದ, ಅವರೂ ಪೂಜೆ ಮಾಡಿಯೇ ಕಟ್ಟಿರುತ್ತಾರಲ್ಲ ಎಂದು ಕೇಳಿದರು. ಟೀಚರ್ ಕೊಡೆಯನ್ನು ನೆಲಕ್ಕೆ ಊರಿದರು.

“ಹೋಗೂದು ನಮ್ಮ ಕೈಲಿ ಇದೆ. ತಿರುಗಿ ಬರೂದು ಇಲ್ಲ. ನನಗೆ ತಿರುಗಿ ಬಂದ ಹಡಗು ಬೇಕು,” ಎಂದರು.

ಆ ಕೆಲಸಕ್ಕೆ ತಕ್ಕ ಅಗಲದ ಹಲಗೆ ಕೇಂದ್ರದಲ್ಲಿ ಒಂದೇ ಒಂದು ಇತ್ತು. ಆರು ವರ್ಷ ನೆರಳಲ್ಲಿ ಒಣಗಿದ ಶಿವನಿ, ಎಲ್ಲೂ ಗಂಟಿಲ್ಲ, ಬಿರುಕಿಲ್ಲ. ಯಾವುದಾದರೂ ದೊಡ್ಡ ಕೆಲಸಕ್ಕೆಂದು ಪರಶುರಾಮಣ್ಣ ಅದನ್ನು ಯಾರ ಕಣ್ಣಿಗೂ ಬೀಳದ ಹಾಗೆ ಹಿಂದೆ ಇಟ್ಟಿದ್ದರು. ಈಗ ತಾವೇ ಹೊತ್ತು ತಂದರು. ಹಡಗು ಹೇಗಿರುತ್ತದೆಂದು ನೋಡಲು ನಾವಿಬ್ಬರೂ ಘಟ್ಟ ಇಳಿದು ತದಡಿ ಬಂದರಿಗೆ ಹೋಗಿ ಬಂದೆವು. ನಾನು ನಕ್ಷೆ ಬರೆದೆ. ಹಾಯಿ ಉಬ್ಬಿದ ಹಡಗು ದಡಕ್ಕೆ ಮುಖ ಮಾಡಿದೆ, ಡೆಕ್ಕಿನ ಮೇಲೆ ನವಿಲು, ದಂತದ ರಾಶಿ, ಮಂಗಗಳು. ಮಂಗಗಳ ಜಾಗವನ್ನಷ್ಟೇ ಗುರುತಿಸಿ ಭಂಗಿಯನ್ನು ಅವರಿಗೇ ಬಿಟ್ಟಿದ್ದೆ. ಇದ್ದಿಲಿನ ಗೆರೆಯ ಹಂತದಲ್ಲೇ ನೋಡುತ್ತೇನೆ, ಪರಶುರಾಮಣ್ಣನ ಮಂಗ ಕೈಮುಗಿದು ಕೂತಿದೆ, ಹಣೆಗೆ ನಾಮ ಬೇರೆ. ಇದು ಮಾರಾಟಕ್ಕೆ ಬಂದ ಮಂಗ, ಆಂಜನೇಯ ಅಲ್ಲ ಎಂದು ಅರ್ಧ ತಾಸು ಭಾಷಣ ಮಾಡಿ ತಿದ್ದಿಸಿದೆ. ಅಷ್ಟು ಜಾಣನಾದ ನಾನು ಮುಖ್ಯವಾದದ್ದನ್ನೇ ಬಿಟ್ಟೆ.

ಹಡಗಿನ ಮೇಲೆ ದೇವರ ಆಶೀರ್ವಾದ ಕಾಣಬೇಕು, ಆದರೆ ತಮ್ಮ ದೇವರಿಗೆ ರೂಪವಿಲ್ಲ, ಹೇಗೆ ಮಾಡುತ್ತೀರೋ ನೋಡಿ ಎಂದು ಟೀಚರ್ ನನ್ನೊಬ್ಬನಿಗೇ ಹೇಳಿದ್ದರು. ನನಗೆ ಏನೂ ಹೊಳೆಯಲಿಲ್ಲ. ಮೈಸೂರಿನಲ್ಲಿ ಮೂರು ವಾರದ ತರಬೇತಿಗೆ ಹೊರಡುವ ಗಡಿಬಿಡಿ ಬೇರೆ. ಹಲಗೆಯ ಮೇಲ್ಭಾಗದ ನಡುವೆ ಒಂದು ದುಂಡನೆಯ ಜಾಗ ಖಾಲಿ ಬಿಟ್ಟು, ಬಂದ ಮೇಲೆ ಯೋಚಿಸಿದರಾಯಿತೆಂದು ನಕ್ಷೆಗೆ ಸಹಿ ಮಾಡಿಸಿ ಬಸ್ಸು ಹತ್ತಿದೆ. ಆ ಜಾಗವನ್ನು ಮುಟ್ಟಬೇಡಿ ಎಂದು ಪರಶುರಾಮಣ್ಣನಿಗೆ ಹೇಳಲಿಲ್ಲ.

ಮೂರು ವಾರ ಕಳೆದು ಬಂದು ನೋಡಿದೆ. ಹಡಗು ಮುಗಿದಿತ್ತು. ಹಾಯಿಯ ಹಗ್ಗದ ಎಳೆ ಎಣಿಸಬಹುದಿತ್ತು. ಮೇಲಿನ ದುಂಡಿನಲ್ಲಿ ತಾವರೆಯ ಮೇಲೆ ಗಜಲಕ್ಷ್ಮಿ ಕೂತಿದ್ದಳು. ಎರಡು ಕಡೆ ಎರಡು ಆನೆಗಳು ಸೊಂಡಿಲೆತ್ತಿ ಕೊಡದಿಂದ ಅವಳ ತಲೆಯ ಮೇಲೆ ನೀರು ಸುರಿಯುತ್ತಿದ್ದವು. ಅಷ್ಟು ಚೆಂದದ ಲಕ್ಷ್ಮಿಯನ್ನು ನಾನು ಅವರ ಕೈಯಲ್ಲೂ ನೋಡಿರಲಿಲ್ಲ. ಆದರೆ ಅವಳು ಹೋಗಬೇಕಾದದ್ದು ರೂಪವಿಲ್ಲದ ದೇವರ ಚರ್ಚಿಗೆ.

ಅವರ ತಪ್ಪು ಏನೂ ಇರಲಿಲ್ಲ. ನಮ್ಮ ಕಡೆ ಬಾಗಿಲ ಮೇಲಿನ ಹಲಗೆಯ ನಡುವಿನ ಜಾಗ ಲಕ್ಷ್ಮಿಯದು. ಅದನ್ನು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ. ಅದರಲ್ಲೂ ಚಿನ್ನ ಹೊತ್ತ ಹಡಗು ಮನೆಗೆ ಬರುತ್ತಿರುವಾಗ ಅಲ್ಲಿ ಮತ್ತೆ ಯಾರು ಇರಬೇಕು? ಗುಡಿಗಾರರ ಮನೆಯಲ್ಲಿ ಹುಟ್ಟಿದ ಯಾರೇ ಆದರೂ ಅದನ್ನೇ ಮಾಡುತ್ತಿದ್ದರು. ಕಣ್ಣು ಬಿಡಿಸಿದ್ದೀರಾ ಎಂದು ಹೆದರುತ್ತ ಕೇಳಿದೆ. ಶುಕ್ರವಾರ ಬೆಳಿಗ್ಗೆ ಮಿಂದು ಬಿಡಿಸಿದೆ ಎಂದರು. ಕಣ್ಣು ಬಿಡಿಸಿದ ಮೇಲೆ ಅದು ಮರವಲ್ಲ, ದೇವಿ. ನಾನು ವಿಷಯ ಹೇಳಿದಾಗ ಅವರ ಮುಖ ಬಾಡಿತು. ಉಳಿ ಹೊಡೆಯುವ ಕೊಡತಿಯನ್ನು ಕೆಳಗಿಟ್ಟರು.

ಸಾಹೇಬರಿಗೆ ಹೇಳಿದೆ. ನಕ್ಷೆ ತರಿಸಿ ನೋಡಿದರು. ಖಾಲಿ ದುಂಡಿನ ಕೆಳಗೆ ಅವರದೇ ಸಹಿ. “ಖಾಲಿ ಜಾಗಾಕ್ಕ ನಾನೂ ಸಹಿ ಮಾಡೇನಲ್ಲೋ ಮಾರಾಯಾ,” ಎಂದು ತಲೆ ಮೇಲೆ ಕೈಯಿಟ್ಟರು. ಬೇರೆ ಹಲಗೆ ಇಲ್ಲ. ಭಾನುವಾರಕ್ಕೆ ಹತ್ತು ದಿನವಿದೆ. ಲಕ್ಷ್ಮಿಯನ್ನು ಕೆತ್ತಿ ತೆಗೆಯಬಹುದು, ಆದರೆ ಯಾರು ಉಳಿ ಇಡುತ್ತಾರೆ? ಕೇಂದ್ರದಲ್ಲಿದ್ದ ಒಬ್ಬೊಬ್ಬರನ್ನೂ ಕೇಳಿದೆವು. ಎಲ್ಲರೂ ಕೈ ಹಿಂದೆ ಕಟ್ಟಿಕೊಂಡರು. ನಾನೇ ತೆಗೆಯೋಣವೆಂದು ಉಳಿ ಹಿಡಿದೆ. ಆ ಮುಖ ನೋಡಿ ವಾಪಸ್ಸು ಇಟ್ಟೆ.

ಸುಳ್ಳು ಹೇಳಿ ದಿನ ತಳ್ಳುವುದು ಬೇಡವೆಂದು ಗ್ರೇಸಿ ಟೀಚರನ್ನು ಕರೆಸಿದೆವು. ಅವರು ಬೆಳಗಿನ ಬಸ್ಸಿಗೆ ಬಂದರು. ನಾನು ತಪ್ಪನ್ನೆಲ್ಲ ನನ್ನ ಮೇಲೆ ಹಾಕಿಕೊಂಡು ಹೇಳಿದೆ. ಅವರು ಹಲಗೆಯ ಮುಂದೆ ನಿಂತು ಮೊದಲು ಹಡಗು ನೋಡಿದರು. ಬೆರಳಿನಿಂದ ಅದರ ಮೂತಿ ಸವರಿದರು. ಅದು ದಡಕ್ಕೆ ಬರುತ್ತಿದೆಯೆಂದು ಖಾತ್ರಿ ಮಾಡಿಕೊಂಡರೆಂದು ಕಾಣುತ್ತದೆ, ಕಣ್ಣು ತುಂಬಿಬಂತು. ಆಮೇಲೆ ತಲೆಯೆತ್ತಿ ಲಕ್ಷ್ಮಿಯನ್ನು ನೋಡಿದರು. ಚರ್ಚಿನ ಹಿರಿಯರು ಇದನ್ನು ಒಳಗೆ ಬಿಡುವುದಿಲ್ಲವೆಂದು ಅವರಿಗೆ ಗೊತ್ತು, ನಮಗೂ ಗೊತ್ತು. ಸಾಹೇಬರು ಮೆಲ್ಲಗೆ, ನೀವೇ ಪರಶುರಾಮಣ್ಣನಿಗೆ ಒಂದು ಮಾತು ಹೇಳಿದರೆ ತೆಗೆದಾರು ಎಂದರು.

ಟೀಚರ್ ಪರಶುರಾಮಣ್ಣನ ಕಡೆ ತಿರುಗಿದರು. “ನಾನು ಹೇಳೂದಿಲ್ಲ. ನನ್ನ ದೇವರ ಬಾಗಿಲಿಗೆ ಬೇಕು, ನಿಮ್ಮ ದೇವರನ್ನ ಕೆತ್ತಿ ತೆಗೀರಿ ಅಂತ ಯಾವ ಬಾಯಲ್ಲಿ ಕೇಳಲಿ? ಇದನ್ನ ನೀವು ಇಟ್ಕೊಳ್ಳಿ. ಸೊಲೊಮೋನನ ದೇವಾಲಯ ಕಟ್ಟಿದವರಲ್ಲಿ ಹೀರಾಮ ಕಳಿಸಿದ ಹೊರಗಿನ ಕೆಲಸಗಾರರೂ ಇದ್ರು. ಅವರ ದೇವರು ಬೇರೆ. ಅವರ ಕೈಗೆ ನೋವಾಗದ ಹಾಗೇ ಸೊಲೊಮೋನ್ ಕೆಲಸ ತಗೊಂಡಿರ್ತಾನೆ ಅಂತ ನಾನು ನಂಬ್ತೇನೆ.”

ಚರ್ಚಿಗೆ ಬೇರೆ ಏನಾದರೂ, ಒಂದು ದೀಪವೋ ಬೆಂಚೋ ಕೊಟ್ಟರಾಯಿತು ಎಂದು ಕೊಡೆ ತೆಗೆದುಕೊಂಡರು. ನಾನು ಬಸ್‌ ಸ್ಟ್ಯಾಂಡಿನವರೆಗೆ ಕಳಿಸಲು ಹೋದೆ. ದಾರಿಯುದ್ದಕ್ಕೂ ಅವರೇ ನನಗೆ ಸಮಾಧಾನ ಹೇಳಿದರು. ಬಸ್ಸು ಹೊರಟ ಮೇಲೆ ಮಾತ್ರ, ಕಿಟಕಿಯಾಚೆ ಸೆರಗಿನಿಂದ ಮುಖ ಮುಚ್ಚಿಕೊಂಡದ್ದು ಕಂಡಿತು. ನನ್ನ ಇಡೀ ನೌಕರಿಯಲ್ಲಿ ಅಷ್ಟು ನಾಚಿಕೆಪಟ್ಟದ್ದು ಮತ್ತೊಮ್ಮೆ ಇಲ್ಲ.

ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಪರಶುರಾಮಣ್ಣ ಬಂದು ಕೂತಿದ್ದರು. ಮಿಂದ ತಲೆ ಇನ್ನೂ ಒದ್ದೆ. ಹಲಗೆಯ ಮುಂದೆ ದೀಪ, ದಾಸವಾಳ, ಒಂದು ತಂಬಿಗೆ ನೀರು. ಬಾಗಿಲಲ್ಲಿ ನಿಂತ ನನಗೆ ಒಳಗೆ ಬರಲು ಸನ್ನೆ ಮಾಡಿದರು.

“ಚೌತಿಗೆ ಗಣಪತೀನ ನಾವೇ ಮಾಡೂದು ತಮಾ. ಕಣ್ಣು ಬಿಡಿಸೂದೂ ನಾವೇ. ಮತ್ತೆ ನೀರಿಗೆ ಬಿಡೂದಿಲ್ಲನ? ರಾತ್ರಿಯೆಲ್ಲ ಅದೇ ಯೋಚನೆ ಮಾಡಿದೆ. ಇವಳನ್ನೂ ನೀರಿಗೇ ಬಿಡ್ತೆ.”

ಅಷ್ಟರಲ್ಲಿ ಸಾಹೇಬರೂ ಬಂದರು. ಏನು ನಡೆಯುತ್ತಿದೆ ಎಂದು ಕೇಳದೆ ಬೂಟು ಬಿಚ್ಚಿ ಗೋಡೆಗೆ ಒರಗಿ ನಿಂತರು. ಪರಶುರಾಮಣ್ಣ ಹೂವಿಟ್ಟು, ಆರತಿ ಎತ್ತಿ, ಬೆರಳಿನಿಂದ ಮೂರು ಸಲ ನೀರು ಪ್ರೋಕ್ಷಿಸಿದರು. ಬಾಯಲ್ಲಿ ಏನೋ ಹೇಳಿಕೊಂಡರು. ಹೋಗಿ ಬಾ ಎಂಬುದೊಂದು ಮಾತ್ರ ನನಗೆ ಕೇಳಿಸಿತು. ಮತ್ತೆ ಗೂಡಿನಿಂದ ಬಟ್ಟೆಯ ಗಂಟು ತೆಗೆದು, ವರ್ಷಗಟ್ಟಲೆ ಮುಟ್ಟದ ದಂತದ ಉಳಿಗಳನ್ನು ಬಿಚ್ಚಿದರು. ದೊಡ್ಡ ಉಳಿಯಿಂದ ಅವಳನ್ನು ಮುಟ್ಟಲು ಮನಸ್ಸು ಬರಲಿಲ್ಲವಂತೆ. ನಾನು ನೋಡಲಾರದೆ ಹೊರಗೆ ಹೋದೆ.

ಅದಕ್ಕೆ ಅವರು ಐದು ದಿನ ತೆಗೆದುಕೊಂಡರು. ಯಾರೂ ಹತ್ತಿರ ಹೋಗಲಿಲ್ಲ. ಆರನೆಯ ದಿನ ಕರೆದು ತೋರಿಸಿದರು. ನೀವು ಈ ಕೆಲಸಕ್ಕೆ ಬರುವವರಾದ್ದರಿಂದ ವಿವರವಾಗಿ ಹೇಳುತ್ತೇನೆ. ಮರದಲ್ಲಿ ಕೆತ್ತಿದ್ದನ್ನು ಇನ್ನೂ ಆಳಕ್ಕೆ ಇಳಿಸಬಹುದೇ ಹೊರತು ಹೊಸದಾಗಿ ಎತ್ತರಿಸಲಾಗದು. ದೇವಿ, ಆನೆ, ಕೊಡ ಎಲ್ಲ ಎತ್ತರದ ಕೆತ್ತನೆ, ಅವು ಹೋದವು. ಕೊಡದಿಂದ ಬೀಳುತ್ತಿದ್ದ ನೀರಿನ ಎರಡು ಧಾರೆ ಮಾತ್ರ ತಳಮಟ್ಟದಲ್ಲಿದ್ದವು, ಅವು ಉಳಿದವು. ಪರಶುರಾಮಣ್ಣ ಅವನ್ನು ಸಣ್ಣ ಉಳಿಯಿಂದ ಎಳೆಎಳೆಯಾಗಿ ಕೆಳಗೆ ತಂದು, ಹಾಯಿಯ ಮೇಲೆ, ನವಿಲಿನ ಮೇಲೆ, ಹಡಗಿನ ಸುತ್ತ ಇಳಿಸಿದ್ದರು. ಮೇಲೆ ಬರಿಯ ಆಕಾಶ. ಯಾವ ಕೈಯೂ ಇಲ್ಲ, ಯಾವ ಮುಖವೂ ಇಲ್ಲ. ಎಲ್ಲಿಂದಲೋ ತುಂಬು ಮಳೆ ಸುರಿದು ಹಡಗು ಮನೆಗೆ ಬರುತ್ತಿತ್ತು. ನಾನು ಮೂರು ವಾರ ಯೋಚಿಸಿದ್ದರೂ ನನಗೆ ಅದು ಹೊಳೆಯುತ್ತಿರಲಿಲ್ಲ.

ಟೀಚರಿಗೆ ಹೇಳಿಕಳಿಸಿ, ಭಾನುವಾರ ಪರಶುರಾಮಣ್ಣನೂ ನಾನೂ ಕೇಂದ್ರದ ಜೀಪಿನಲ್ಲಿ ಹಲಗೆಯನ್ನು ಯಲ್ಲಾಪುರಕ್ಕೆ ಒಯ್ದೆವು. ಏರಿಸುವ ಮೊದಲು ಎರಡು ಬೆಂಚಿನ ಮೇಲೆ ಮಲಗಿಸಿದ್ದರು. ಟೀಚರ್ ಬಂದು ಮೇಲಿನ ಖಾಲಿ ಜಾಗದ ಮೇಲೆ ಅಂಗೈ ಇಟ್ಟರು. ಅಲ್ಲಿ ಯಾರಿದ್ದರೆಂದು ಆ ಊರಿನಲ್ಲಿ ಅವರೊಬ್ಬರಿಗೇ ಗೊತ್ತು.

“ಪರಶುರಾಮಣ್ಣ, ನಾನು ಕೇಳಿರ್ಲಿಲ್ಲ,” ಎಂದರು.

“ಕೇಳಿದ್ರೆ ಆಗ್ತಿರ್ಲಿಲ್ಲ ಅಕ್ಕೋರೆ,” ಎಂದರು ಇವರು.

ಟೀಚರ್ ಆ ಮಳೆಯ ಗೆರೆಗಳ ಗುಂಟ ಬೆರಳು ಜಾರಿಸುತ್ತ ಹಡಗಿನವರೆಗೆ ಬಂದರು. ಗಂಡನ ಸುದ್ದಿ ಬಂದ ದಿನದಿಂದ ತಡೆದಿಟ್ಟದ್ದೆಲ್ಲ ಆಗ ಹೊರಗೆ ಬಂತು. ಚರ್ಚಿನ ಹೆಂಗಸರು ಅವರನ್ನು ಹಿಡಿದು ಕೂರಿಸಿದರು. ಪಾದ್ರಿಯವರು ಹಲಗೆಯನ್ನು ಮೆಚ್ಚಿ, ರೂಪವಿಲ್ಲದ ಆಶೀರ್ವಾದವನ್ನು ಇಷ್ಟು ಚೆಂದ ತೋರಿಸಬಹುದೆಂದು ತಮಗೂ ಗೊತ್ತಿರಲಿಲ್ಲ ಎಂದರು. ಪರಶುರಾಮಣ್ಣ ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತು ಎಲ್ಲವನ್ನೂ ಕೇಳಿದರು. ಊಟಕ್ಕೆ ನಿಲ್ಲಿಸಿಕೊಂಡು ಟೀಚರ್ ತಾವೇ ಬಡಿಸಿದರು. ಅವರ ಯಜಮಾನರು ಹಡಗಿನಲ್ಲಿ ಮಾಡುತ್ತಿದ್ದ ಪಾಯಸವಂತೆ ಅದು. ಎರಡು ಸಲ ಹಾಕಿಸಿಕೊಂಡೆ.

ಜೀಪು ಬೇರೆ ಕೆಲಸಕ್ಕೆ ಹೋಗಿತ್ತು. ನಾವಿಬ್ಬರೂ ಶಿರಸಿ ಬಸ್ಸಿನಲ್ಲಿ ವಾಪಸ್ಸು ಹೊರಟೆವು. ಅರ್ಧ ದಾರಿ ಕಳೆಯಿತು. ಕೊನೆಗೆ ಹೇಳಿಯೇಬಿಟ್ಟೆ. ಆ ದಿನ ನಾನು ಒಂದು ಮಾತು ಹೇಳಿ ಮೈಸೂರಿಗೆ ಹೋಗಿದ್ದರೆ ಸಾಕಿತ್ತು, ನಿಮ್ಮ ಕೈಯಿಂದ ಅಂಥ ಲಕ್ಷ್ಮಿಯನ್ನು ತೆಗೆಸುವ ಪಾಪ ನನಗೆ ಬರುತ್ತಿರಲಿಲ್ಲ, ತಪ್ಪಾಯಿತು ಎಂದೆ.

ಪರಶುರಾಮಣ್ಣ ಕಿಟಕಿಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದರು.

“ನೀನು ಹೇಳಿದ್ರೆ ಆ ಮಳೆ ಎಲ್ಲಿ ಬರ್ತಿತ್ತು, ತಮಾ?”